ಹಾಲಿವುಡ್ ಸಿನಿಮಾ ನೋಡಿ ಅಭಿಪ್ರಾಯ ಬರೆಯುವುದು ಹೇಗೆ?

‘ಫಸ್ಟ್ ಹಾಫ್ ಓಕೆ, ಸೆಕೆಂಡ್ ಹಾಫ್ ಲ್ಯಾಗ್, ಒಂದ್ಸಲ ನೋಡಬಹುದು.’ ಹಾಲಿವುಡ್‌ನ ಯಾವ ಚಿತ್ರದ ಬಗ್ಗೆ ಕೇಳಿದರೂ ನಮ್ಮಲ್ಲಿ ಸಿಗುವ ಉತ್ತರ ಬಹುಪಾಲು ಇಷ್ಟೇ. ಕೇಳಿದವರಿಗೆ ಇದರಿಂದ ಏನೂ ದಕ್ಕುವುದಿಲ್ಲ. ಎಲ್ಲಿ ಎಳೆಯಿತು, ಯಾಕೆ ಎಳೆಯಿತು, ಯಾವ ಪರದೆಯಲ್ಲಿ, ಯಾವ ಭಾಷೆಯಲ್ಲಿ ನೋಡಿದ್ದು ಅಂತ ತಿಳಿಯದೆ ಟಿಕೆಟ್ಟಿಗೆ ದುಡ್ಡು ಹಾಕಬೇಕೋ ಬೇಡವೋ ಅಂತ ಅವರು ಹೇಗೆ ತೀರ್ಮಾನಿಸಬೇಕು?

ತಿಂಗಳಿಗೊಂದು ಸಿನಿಮಾ ನೋಡುವವರೂ ಗಟ್ಟಿಯಾದ ಅಭಿಪ್ರಾಯ ಬರೆಯಬಹುದು. ಅದಕ್ಕೆ ಸಿನಿಮಾ ಶಾಲೆಯ ಪಾಠ ಬೇಕಿಲ್ಲ. ಬೇಕಾದದ್ದು ಎರಡೇ. ಮನಸ್ಸು ಯಾವ ನಿಮಿಷದಲ್ಲಿ ಜಾರಿತು ಅಂತ ಗುರುತಿಟ್ಟುಕೊಳ್ಳಬೇಕು. ಆಮೇಲೆ ಆ ತಪ್ಪು ಸಿನಿಮಾದ್ದೋ, ಥಿಯೇಟರಿನದೋ, ಡಬ್ಬಿಂಗಿನದೋ, ನಾವು ಹೊತ್ತುಕೊಂಡು ಹೋದ ನಿರೀಕ್ಷೆಯದೋ ಅಂತ ಬಿಡಿಸಿ ನೋಡಬೇಕು. ಎರಡನೆಯದನ್ನು ಬಿಟ್ಟರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ.

ಯಾವ ಪ್ರತಿ ನೋಡುತ್ತಿದ್ದೀರಿ?

ಒಂದೇ ಹೆಸರಿನ ಸಿನಿಮಾ ಎರಡು ಮೂರು ರೂಪದಲ್ಲಿ ಓಡಾಡುತ್ತಿರುತ್ತದೆ. ‘ಬ್ಲೇಡ್ ರನ್ನರ್’ 1982ರಲ್ಲಿ ಬಂದಾಗ ನಾಯಕನ ಧ್ವನಿಯಲ್ಲಿ ನಿರೂಪಣೆ ಇತ್ತು, ಕೊನೆಯಲ್ಲಿ ಸುಖಾಂತ್ಯ ಅಂಟಿಸಿದ್ದರು. 1992ರ ಡೈರೆಕ್ಟರ್ಸ್ ಕಟ್‌ನಲ್ಲಿ (ನಿರ್ದೇಶಕರ ಪ್ರತಿಯಲ್ಲಿ) ಅವೆರಡೂ ಇಲ್ಲ. 2007ರಲ್ಲಿ ಫೈನಲ್ ಕಟ್ ಅಂತ ಇನ್ನೊಂದು ಬಂತು. ‘ಕಿಂಗ್‌ಡಮ್ ಆಫ್ ಹೆವನ್’ 2005ರಲ್ಲಿ ಥಿಯೇಟರಿಗೆ ಬಂದದ್ದು ಸುಮಾರು 2 ಗಂಟೆ 24 ನಿಮಿಷದ ಸಿನಿಮಾ. ನಿರ್ದೇಶಕರ ಪ್ರತಿ ಮೂರು ಗಂಟೆ ದಾಟುತ್ತದೆ, ಒಂದು ಇಡೀ ಉಪಕಥೆಯೇ ಅದರಲ್ಲಿ ಮರಳಿ ಸೇರಿದೆ. ಮೊದಲನೆಯದನ್ನು ನೋಡಿದವರು ‘ಪಾತ್ರಗಳು ಯಾಕೆ ಹೀಗೆ ಮಾಡುತ್ತಾರೋ ತಿಳಿಯಲಿಲ್ಲ’ ಅಂದರೆ ಅದು ನಿಜ. ಎರಡನೆಯದನ್ನು ನೋಡಿದವರು ‘ಎಲ್ಲ ಸರಿಯಾಗಿದೆಯಲ್ಲ’ ಅಂದರೆ ಅದೂ ನಿಜ. ಇಬ್ಬರೂ ಬೇರೆ ಬೇರೆ ಸಿನಿಮಾದ ಬಗ್ಗೆ ಜಗಳ ಆಡುತ್ತಿದ್ದಾರೆ, ಅಷ್ಟೇ.

ಹಾಗಾಗಿ ಶುರು ಮಾಡುವ ಮೊದಲು ಒಟ್ಟು ಅವಧಿ ನೋಡಿಕೊಳ್ಳಿ. ಅಮೆರಿಕದಲ್ಲಿ ಬಿಡುಗಡೆಯಾದ ಅವಧಿಗೂ ನಿಮ್ಮ ಪ್ರತಿಯ ಅವಧಿಗೂ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಅದು ಬೇರೆ ಆವೃತ್ತಿ ಇರಬಹುದು, ಇಲ್ಲವೇ ಕತ್ತರಿ ಬಿದ್ದಿರಬಹುದು. ನಮ್ಮ ಸೆನ್ಸಾರ್ ಮಂಡಳಿ 2015ರ ಬಾಂಡ್ ಚಿತ್ರ ‘ಸ್ಪೆಕ್ಟರ್’ನಲ್ಲಿ ಚುಂಬನದ ದೃಶ್ಯಗಳನ್ನು ಮೊಟಕು ಮಾಡಿತ್ತು. ಇಂಥ ಕತ್ತರಿ ಬಿದ್ದ ಕಡೆ ಹಿನ್ನೆಲೆ ಸಂಗೀತ ತಟಕ್ಕನೆ ಹಾರುತ್ತದೆ, ಕೈ ಇದ್ದ ಜಾಗ ಬದಲಾಗಿರುತ್ತದೆ. ಅದನ್ನು ನೋಡಿ ‘ಎಡಿಟಿಂಗ್ ಕೆಟ್ಟದಾಗಿದೆ’ ಅಂತ ಬರೆದರೆ ಸಂಕಲನಕಾರರಿಗೆ ಅನ್ಯಾಯ. ಸೆನ್ಸಾರ್ ಮಾತಿನ ಸದ್ದು ಅಡಗಿಸಿದ ಜಾಗಗಳೂ ಹಾಗೆಯೇ.

ಕೂರುವ ಜಾಗ, ಪರದೆ, ಮನೆಯ ಟಿವಿ

ಥಿಯೇಟರಿನಲ್ಲಿ ಪರದೆಯಿಂದ ಹಿಂದಿನ ಗೋಡೆಯ ತನಕ ಇರುವ ದೂರದಲ್ಲಿ ಮೂರನೇ ಎರಡು ಭಾಗ ಹಿಂದಕ್ಕೆ, ಸಾಲಿನ ನಡುಮಧ್ಯ ಕೂರಿ. 15 ಸಾಲಿದ್ದರೆ 9ರಿಂದ 11ನೇ ಸಾಲು. ಕಟ್ಟಕಡೆಯ ಸಾಲಿನಲ್ಲಿ ಸೀಟು ಮೆತ್ತಗಿರಬಹುದು, ಆದರೆ ಪರದೆ ಚಿಕ್ಕದಾಗುತ್ತದೆ, ಹಿಂಬದಿಯ ಸ್ಪೀಕರು ಕಿವಿಯ ಮೇಲೇ ಕೂಗುತ್ತದೆ. 3ಡಿ ಆದರೆ ನಡುಮಧ್ಯ ಕೂರುವುದು ಇನ್ನೂ ಮುಖ್ಯ, ಪಕ್ಕಕ್ಕೆ ಸರಿದಷ್ಟೂ ಆಳ ವಕ್ರವಾಗಿ ಕಾಣುತ್ತದೆ. 3ಡಿ ಕನ್ನಡಕ ಹಾಕಿದರೆ ಕಣ್ಣಿಗೆ ತಲುಪುವ ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ‘ರಾತ್ರಿ ದೃಶ್ಯಗಳು ಏನೂ ಕಾಣಲಿಲ್ಲ’ ಅಂತ ಅನಿಸಿದರೆ ಮೊದಲ ಅನುಮಾನ ಕನ್ನಡಕದ ಮೇಲಿರಲಿ. 2009ರ ‘ಅವತಾರ್’ 3ಡಿಗೆಂದೇ ಚಿತ್ರೀಕರಿಸಿದ ಸಿನಿಮಾ, ಅದನ್ನು ಹಾಗೆಯೇ ನೋಡಬೇಕು. ಮರುವರ್ಷ ಬಂದ ‘ಕ್ಲಾಶ್ ಆಫ್ ದ ಟೈಟನ್ಸ್’ ಮಾಮೂಲಿಯಾಗಿ ಚಿತ್ರೀಕರಿಸಿ ಆಮೇಲೆ ಆತುರದಲ್ಲಿ 3ಡಿಗೆ ತಿರುಗಿಸಿದ್ದು, ಅದಕ್ಕಾಗಿ ಚೆನ್ನಾಗಿ ಬೈಸಿಕೊಂಡಿತು. ಟಿಕೆಟ್ ಕೊಳ್ಳುವ ಮುನ್ನ ಈ ವ್ಯತ್ಯಾಸ ತಿಳಿದುಕೊಂಡರೆ ಹೆಚ್ಚುವರಿ ದುಡ್ಡು ಉಳಿಯುತ್ತದೆ.

ಐಮ್ಯಾಕ್ಸ್‌ಗೆ (ಮಾಮೂಲಿಗಿಂತ ದೊಡ್ಡ, ಎತ್ತರದ ಪರದೆಯ ಥಿಯೇಟರಿಗೆ) ಹೋಗಬೇಕೋ ಬೇಡವೋ ಅನ್ನುವುದಕ್ಕೂ ಸರಳ ಲೆಕ್ಕ ಇದೆ. ಅಗಲದ ಸಿನಿಮಾ ಚೌಕಟ್ಟು 2.39:1, ಎತ್ತರ ಒಂದಾದರೆ ಅಗಲ 2.39. ಡಿಜಿಟಲ್ ಐಮ್ಯಾಕ್ಸ್ ಪರದೆಯದು 1.90:1. ಅಂದರೆ ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದ ದೃಶ್ಯ ಅಲ್ಲಿ ಮೇಲೆ ಕೆಳಗೆ ಸೇರಿ ಕಾಲು ಭಾಗ ಹೆಚ್ಚಿಗೆ ಕಾಣುತ್ತದೆ. 2008ರ ‘ದ ಡಾರ್ಕ್ ನೈಟ್’ನ 152 ನಿಮಿಷದಲ್ಲಿ ಹೀಗೆ ತೆಗೆದದ್ದು ಸುಮಾರು 28 ನಿಮಿಷ. 2019ರ ‘ಅವೆಂಜರ್ಸ್: ಎಂಡ್‌ಗೇಮ್’ ಪೂರ್ತಿ ಐಮ್ಯಾಕ್ಸ್ ಡಿಜಿಟಲ್ ಕ್ಯಾಮೆರಾದಲ್ಲಿ. ಆ ಎತ್ತರದ ಚೌಕಟ್ಟಿಗೆ ಹೊಂದಿಸದ ಸಿನಿಮಾವನ್ನು ಆ ಪರದೆಯಲ್ಲಿ ನೋಡಿದರೆ ಸಿಗುವುದು ದೊಡ್ಡ ಪರದೆ, ದೊಡ್ಡ ಸದ್ದು ಮಾತ್ರ.

ಮನೆಯಲ್ಲಿ ನೋಡುವವರು ಮೊದಲು ಮಾಡಬೇಕಾದ ಕೆಲಸ ಟಿವಿಯ ಮೋಷನ್ ಸ್ಮೂದಿಂಗ್ ಆಫ್ ಮಾಡುವುದು. ಸಿನಿಮಾ ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ಇರುತ್ತದೆ. ಟಿವಿ ತಾನಾಗಿ ನಡುವೆ ಚಿತ್ರಗಳನ್ನು ತುಂಬಿ ನುಣ್ಣಗೆ ಮಾಡುತ್ತದೆ, ಅದಕ್ಕೇ ಕೋಟಿಗಟ್ಟಲೆ ಡಾಲರಿನ ಸಿನಿಮಾ ಸಂಜೆಯ ಧಾರಾವಾಹಿಯ ಹಾಗೆ ಕಾಣುವುದು. ಎಲ್‌ಜಿಯಲ್ಲಿ ಇದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ. ಪಿಕ್ಚರ್ ಸೆಟ್ಟಿಂಗ್ಸ್ ಒಳಗೆ ಹೋಗಿ ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನು ಒತ್ತಿದರೆ ಸಾಕು. ಈ ಒಂದು ಗುಂಡಿಗಾಗಿ ಟಾಮ್ ಕ್ರೂಸ್ 2018ರಲ್ಲಿ ವಿಡಿಯೊ ಮಾಡಿ ಜನರನ್ನು ಕೇಳಿಕೊಂಡಿದ್ದರು ಅಂದರೆ ಎಷ್ಟು ಹಾನಿ ಮಾಡುತ್ತದೆ ಅಂತ ಊಹಿಸಿ. ಪರದೆಯ ಮೇಲೆ ಕೆಳಗೆ ಕಪ್ಪು ಪಟ್ಟಿ ಕಂಡರೆ ಝೂಮ್ ಮಾಡಬೇಡಿ. 2.39:1ರ ಸಿನಿಮಾ ನಮ್ಮ ಟಿವಿಯಲ್ಲಿ ಕಾಲು ಭಾಗ ಜಾಗವನ್ನು ಕಪ್ಪಾಗಿಯೇ ಬಿಡುತ್ತದೆ. ಝೂಮ್ ಮಾಡಿದರೆ ಎರಡು ಬದಿ ಕತ್ತರಿಸಿ ಹೋಗುತ್ತದೆ, ಮಾತಾಡುತ್ತಿರುವ ಇಬ್ಬರಲ್ಲಿ ಒಬ್ಬರ ಅರ್ಧ ಮುಖವೇ ಇರುವುದಿಲ್ಲ. 55 ಇಂಚಿನ ಟಿವಿಯಾದರೆ ಆರೇಳು ಅಡಿ ದೂರ ಕೂರಿ.

ಮಾತು ಕೇಳದೆ, ಸ್ಫೋಟಕ್ಕೆ ಮನೆಯವರೆಲ್ಲ ಬೆಚ್ಚುವುದು ಇನ್ನೊಂದು ಗೋಳು. ಥಿಯೇಟರಿಗೆ ಸಿದ್ಧ ಮಾಡಿದ ಧ್ವನಿಯಲ್ಲಿ ಮಾತು ನಡುವಿನ ಸ್ಪೀಕರಿನಿಂದ ಬರುತ್ತದೆ. ಟಿವಿಯ ಎರಡೇ ಸ್ಪೀಕರಿಗೆ ಎಲ್ಲವನ್ನೂ ತುರುಕಿದಾಗ ಮಾತು ಮುಳುಗುತ್ತದೆ. ಓಟಿಟಿಯ ಆಡಿಯೊ ಪಟ್ಟಿಯಲ್ಲಿ 5.1 (ಆರು ಸ್ಪೀಕರಿನ ಧ್ವನಿ) ಬಿಟ್ಟು ಸ್ಟೀರಿಯೊ (ಎರಡು ಸ್ಪೀಕರಿನದು) ಇದ್ದರೆ ಅದನ್ನು ಆರಿಸಿ, ಇಂಗ್ಲಿಷ್ ಸಬ್‌ಟೈಟಲ್ ಹಾಕಿ. ಆದರೆ ‘ಇಂಟರ್‌ಸ್ಟೆಲ್ಲರ್’ನಲ್ಲಿ ಕೆಲವು ಕಡೆ ಸಂಗೀತ ಮಾತನ್ನು ನುಂಗುವುದು ಬೇಕೆಂದೇ ಮಾಡಿದ್ದು, ನಿರ್ದೇಶಕ ಕ್ರಿಸ್ಟೊಫರ್ ನೋಲನ್ ಅದನ್ನು ಸಮರ್ಥಿಸಿಕೊಂಡಿದ್ದಾರೆ. ಅದನ್ನು ಇಷ್ಟಪಡದೆ ಇರಬಹುದು. ‘ಸೌಂಡ್ ಸರಿಯಿಲ್ಲ’ ಅನ್ನುವ ಬದಲು ‘ಈ ಆಯ್ಕೆ ನನಗೆ ಹಿಡಿಸಲಿಲ್ಲ’ ಅಂತ ಬರೆದರೆ ಸರಿ.

ಇಂಟರ್ವಲ್ ಅನ್ನುವ ನಮ್ಮದೇ ತೊಡಕು

ಇದು ನಮ್ಮ ಕಡೆಯ ಅಭಿಪ್ರಾಯಗಳನ್ನು ಹೆಚ್ಚು ಕೆಡಿಸುವ ಸಂಗತಿ. ಕನ್ನಡ ಸಿನಿಮಾದ ಚಿತ್ರಕಥೆ ಇಂಟರ್ವಲ್ ಕಡೆಗೆ ಓಡುತ್ತದೆ. ನಾಯಕನಿಗೆ ಪೆಟ್ಟು ಬೀಳಬೇಕು, ಗುಟ್ಟು ರಟ್ಟಾಗಬೇಕು, ಆಗ ದೀಪ ಹೊತ್ತಬೇಕು. ಎರಡನೇ ಅರ್ಧ ಅಲ್ಲಿಂದ ಹೊಸದಾಗಿ ಹೊರಡುತ್ತದೆ. ಹಾಲಿವುಡ್ ಸಿನಿಮಾ ಒಂದೇ ಉಸಿರಿಗೆ ನೋಡಲೆಂದು ಕಟ್ಟಿದ್ದು. ನಡುವೆ ನಿಲ್ಲಿಸುವುದು ನಮ್ಮ ಥಿಯೇಟರುಗಳು. ಎಷ್ಟೋ ಸಲ ಮಾತಿನ ಮಧ್ಯೆಯೇ ಕತ್ತರಿಸಿ ಪಾಪ್‌ಕಾರ್ನ್ ಜಾಹೀರಾತು ಬರುತ್ತದೆ. ‘ಗ್ರ್ಯಾವಿಟಿ’ ಇರುವುದೇ 91 ನಿಮಿಷ, ಉಸಿರು ಕಟ್ಟಿಸುವುದೇ ಅದರ ಕೆಲಸ. ಅದಕ್ಕೂ ಇಂಟರ್ವಲ್ ಕೊಟ್ಟರೆ ಕಟ್ಟಿದ ಉಸಿರು ಕ್ಯಾಂಟೀನಿನಲ್ಲಿ ಬಿಟ್ಟುಹೋಗುತ್ತದೆ. ‘1917’ ಇಡೀ ಸಿನಿಮಾ ಒಂದೇ ಶಾಟ್ ಅನ್ನುವ ಹಾಗೆ ಹೊಲಿದದ್ದು. ಕಥೆಯೊಳಗೇ ಒಂದು ಸಲ ಪರದೆ ಕಪ್ಪಾಗುತ್ತದೆ, ಆ ಕತ್ತಲಿಗೆ ಅರ್ಥ ಇದೆ. ಅದಕ್ಕೆ ಹತ್ತು ನಿಮಿಷ ಮೊದಲೋ ಆಮೇಲೋ ದೀಪ ಹಾಕಿಬಿಟ್ಟರೆ ಆ ಕತ್ತಲು ಕಣ್ಣಿಗೆ ನಾಟುವುದೇ ಇಲ್ಲ.

‘ಸೆಕೆಂಡ್ ಹಾಫ್ ಲ್ಯಾಗ್’ ಅನ್ನಿಸುವುದಕ್ಕೆ ಒಂದು ಕಾರಣ ಇಲ್ಲೇ ಇದೆ. ಇಂಟರ್ವಲ್ ಮುಗಿಸಿ ಬಂದ ಮನಸ್ಸು ಹೊಸ ಆರಂಭ ಕಾಯುತ್ತಿರುತ್ತದೆ. ಪರದೆಯ ಮೇಲೆ ಅದೇ ದೃಶ್ಯ ಮುಂದುವರಿಯುತ್ತಿರುತ್ತದೆ. ಮತ್ತೆ ಕಥೆಗೆ ಹೊಂದಿಕೊಳ್ಳಲು ಬೇಕಾಗುವ ಹೊತ್ತನ್ನು ನಾವು ಸಿನಿಮಾದ ಖಾತೆಗೆ ಬರೆಯುತ್ತೇವೆ.

ಪರಿಹಾರ: ಸಿನಿಮಾವನ್ನು ಇಂಟರ್ವಲ್‌ನಿಂದ ಭಾಗ ಮಾಡಬೇಡಿ, ಪಾತ್ರದ ಗುರಿಯಿಂದ ಭಾಗ ಮಾಡಿ. ನಾಯಕ ಅಥವಾ ನಾಯಕಿ ಏನು ಬೇಕೆಂದು ಹೊರಟರು? ಆ ಗುರಿ ಎಲ್ಲಿ ಬದಲಾಯಿತು? ಎರಡು ಗಂಟೆಯ ಸಿನಿಮಾದಲ್ಲಿ ಸಾಮಾನ್ಯವಾಗಿ 25-30ನೇ ನಿಮಿಷಕ್ಕೆ ಮೊದಲ ಗುರಿ ಸಿದ್ಧವಾಗುತ್ತದೆ, ನಡುಭಾಗದಲ್ಲಿ ಅದು ತಲೆಕೆಳಗಾಗುತ್ತದೆ, ಕೊನೆಯ 25-30 ನಿಮಿಷ ನೇರ ಮುಖಾಮುಖಿ. ‘ಟೈಟಾನಿಕ್’ ಮೂರೂಕಾಲು ಗಂಟೆಯ ಸಿನಿಮಾ. ಹಡಗಿಗೆ ಹಿಮಗಡ್ಡೆ ತಾಗುವುದು ಒಂದೂವರೆ ಗಂಟೆ ದಾಟಿದ ಮೇಲೆ, ಅಲ್ಲಿಯ ತನಕ ಪ್ರೇಮಕಥೆ, ಅಲ್ಲಿಂದ ಜೀವ ಉಳಿಸಿಕೊಳ್ಳುವ ಕಥೆ. ‘ಗುರಿ ಬದಲಾದ ಮೇಲೆ ಬಿಗಿಯಾಯಿತು’ ಅಂತ ಬರೆಯಿರಿ. ಓದುವವರು ಬೆಂಗಳೂರಿನ ಥಿಯೇಟರಿನಲ್ಲಿ ನೋಡಲಿ, ಬೋಸ್ಟನ್ನಿನ ಮನೆಯಲ್ಲಿ ನೋಡಲಿ, ಇಬ್ಬರಿಗೂ ಅರ್ಥ ಆಗುತ್ತದೆ.

ಡಬ್ಬಿಂಗ್‌ನಲ್ಲಿ ನೋಡಿದರೆ

2015ರಲ್ಲಿ ಸ್ಪರ್ಧಾ ಆಯೋಗದ (ಮಾರುಕಟ್ಟೆಯಲ್ಲಿ ಪೈಪೋಟಿಗೆ ಅಡ್ಡಿ ಬರದಂತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ಆದೇಶ ಬಂದ ಮೇಲೆ ಕನ್ನಡಕ್ಕೆ ಡಬ್ಬಿಂಗ್ ಬಾಗಿಲು ತೆರೆಯಿತು. ‘ಅವತಾರ್: ದ ವೇ ಆಫ್ ವಾಟರ್’ 2022ರಲ್ಲಿ, ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ 2023ರಲ್ಲಿ ಕನ್ನಡದಲ್ಲೂ ಬಂದವು. ಮಕ್ಕಳನ್ನು, ಅಜ್ಜಿಯನ್ನು ಕರೆದುಕೊಂಡು ಹೋಗುವವರು ಕನ್ನಡದ್ದನ್ನೇ ಆರಿಸಿ, ಸಬ್‌ಟೈಟಲ್ ಓದುವ ಕಣ್ಣು ಚಿತ್ರ ನೋಡುವುದಿಲ್ಲ. ಆದರೆ ಅಭಿಪ್ರಾಯದಲ್ಲಿ ‘ಕನ್ನಡ ಡಬ್ಬಿಂಗ್ ನೋಡಿದೆ’ ಅಂತ ಮೊದಲ ಸಾಲಿನಲ್ಲೇ ಹೇಳಿ. ಡಬ್ ಆದ ಸಿನಿಮಾದಲ್ಲಿ ಮುಖ ಒಬ್ಬರದು, ಧ್ವನಿ ಇನ್ನೊಬ್ಬರದು. ಹಾಗಾಗಿ ‘ಹೀರೊ ಡೈಲಾಗ್ ಹೇಳಿದ್ದು ಸಪ್ಪೆ’ ಅನ್ನುವುದು ಆ ನಟನ ಬಗ್ಗೆ ಹೇಳಿದ ಮಾತಾಗುವುದಿಲ್ಲ. ಕಣ್ಣು, ನಡಿಗೆ, ಕೈಯ ಚಲನೆ, ಸುಮ್ಮನಿರುವ ಹೊತ್ತು, ಇವುಗಳ ಬಗ್ಗೆ ಧೈರ್ಯವಾಗಿ ಬರೆಯಬಹುದು. ನಗು ಬರಲಿಲ್ಲ ಅಂದರೆ ತುಟಿಯ ಅಳತೆಗೆ ಮಾತು ಹೊಂದಿಸುವಾಗ ಜೋಕು ಸತ್ತಿತೋ ಏನೋ. ಅನುಮಾನ ಬಂದ ಒಂದೆರಡು ದೃಶ್ಯವನ್ನು ಓಟಿಟಿಗೆ ಬಂದಾಗ ಇಂಗ್ಲಿಷಿನಲ್ಲಿ ಹಾಕಿ ನೋಡಿ.

ಸರಣಿ ಸಿನಿಮಾಗಳಿಗೆ ಮುನ್ನ

‘ಏನೂ ಅರ್ಥ ಆಗಲಿಲ್ಲ’ ಅನ್ನುವ ದೂರಿನ ಬಹುಪಾಲು ಮಧ್ಯದಿಂದ ಹತ್ತಿದವರದು. ಬಿಡುಗಡೆಯಾದ ಕ್ರಮದಲ್ಲೇ ನೋಡುವುದು ಒಳ್ಳೆಯದು. ‘ಸ್ಟಾರ್ ವಾರ್ಸ್’ ಆದರೆ 1977, 1980, 1983ರವು ಮೊದಲು. ಆಮೇಲೆ 1999, 2002, 2005ರವು. ಕಥೆಯ ಕಾಲಕ್ರಮದಲ್ಲಿ ನೋಡಿದರೆ 1980ರ ಚಿತ್ರದ ದೊಡ್ಡ ತಿರುವು ಮೊದಲೇ ಗೊತ್ತಾಗಿ ಚಪ್ಪೆಯಾಗುತ್ತದೆ. ‘ಎಂಡ್‌ಗೇಮ್’ಗೆ ಮುನ್ನ 20ಕ್ಕೂ ಹೆಚ್ಚು ಸಿನಿಮಾ ನೋಡುವ ಪುರುಸೊತ್ತು ಇಲ್ಲದಿದ್ದರೆ ‘ಐರನ್ ಮ್ಯಾನ್’ (2008), ‘ದ ಅವೆಂಜರ್ಸ್’ (2012), ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ (2014), ‘ಸಿವಿಲ್ ವಾರ್’ (2016), ‘ಇನ್‌ಫಿನಿಟಿ ವಾರ್’ (2018), ಈ ಐದು ಸಾಕು. 2012ರದ್ದನ್ನು ಬಿಡಲೇಬೇಡಿ, ‘ಎಂಡ್‌ಗೇಮ್’ ಅದರ ದೃಶ್ಯಗಳೊಳಗೇ ಮರಳಿ ಹೋಗುತ್ತದೆ. ಮಾರ್ವೆಲ್ ಚಿತ್ರಗಳಲ್ಲಿ ಹೆಸರುಗಳ ಪಟ್ಟಿ ಮುಗಿಯುವ ತನಕ ಕೂರಿ, ಮುಂದಿನ ಕಥೆಯ ತುಣುಕು ಅಲ್ಲಿರುತ್ತದೆ. ‘ಎಂಡ್‌ಗೇಮ್’ನಲ್ಲಿ ಅಂಥ ದೃಶ್ಯ ಇಲ್ಲ, ಕಬ್ಬಿಣ ಬಡಿಯುವ ಸದ್ದು ಮಾತ್ರ.

ನೋಡುವಾಗ ಏನು ಗಮನಿಸಬೇಕು

ಎಲ್ಲವನ್ನೂ ಗಮನಿಸಲು ಹೋದರೆ ಸಿನಿಮಾ ತಪ್ಪಿಹೋಗುತ್ತದೆ. ಮೊದಲ ಸಲ ಸುಮ್ಮನೆ ನೋಡಿ. ಫೋನ್ ಕಡೆ ಕೈ ಹೋದ ಹೊತ್ತು ಮತ್ತು ಮೈ ಮುಂದಕ್ಕೆ ಬಾಗಿದ ಹೊತ್ತು, ಇವೆರಡನ್ನು ಮಾತ್ರ ನೆನಪಿಟ್ಟುಕೊಳ್ಳಿ. ಆಮೇಲೆ ಆ ಎರಡು ಜಾಗಗಳನ್ನು ಬಿಚ್ಚಿ ನೋಡುವುದು ನಿಜವಾದ ಕೆಲಸ.

ಒಂದನ್ನು ಹತ್ತಿರದಿಂದ ನೋಡೋಣ. 1993ರ ‘ಜುರಾಸಿಕ್ ಪಾರ್ಕ್’. ಸುಮಾರು ಒಂದು ಗಂಟೆಯ ಹೊತ್ತಿಗೆ ಟಿ. ರೆಕ್ಸ್ ಅನ್ನುವ ದೈತ್ಯ ಡೈನೋಸಾರ್ ಬೇಲಿ ದಾಟಿ ಬರುವ ದೃಶ್ಯ. ‘ಡೈನೋಸಾರ್ ಸೀನ್ ಸೂಪರ್’ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಸೂಪರ್? ಮಳೆ, ಕತ್ತಲು, ಕರೆಂಟು ಹೋಗಿ ನಿಂತ ಎರಡು ಕಾರು. ಮೊದಲು ಕಾಣುವುದು ಪ್ರಾಣಿಯಲ್ಲ, ಲೋಟದ ನೀರಿನಲ್ಲಿ ಏಳುವ ಉಂಗುರ. (ಕಾರಿನ ಅಡಿಯಿಂದ ಗಿಟಾರಿನ ತಂತಿ ಮೀಟಿ ಆ ಉಂಗುರ ಬರಿಸಿದ್ದರು.) ಆಮೇಲೆ ಕಟ್ಟಿಹಾಕಿದ್ದ ಮೇಕೆ ಇಲ್ಲ. ಆಮೇಲೆ ಗಾಜಿನ ಛಾವಣಿಯ ಮೇಲೆ ಮೇಕೆಯ ಕಾಲು ಬಂದು ಬೀಳುತ್ತದೆ. ಆಮೇಲೆ ವಿದ್ಯುತ್ ಇಲ್ಲದ ಬೇಲಿಯ ತಂತಿಯ ಮೇಲೆ ಪಂಜ. ಆಮೇಲೆ ಮೈ. ಇಷ್ಟೂ ಹೊತ್ತು, ಪ್ರಾಣಿ ಕಾರಿನ ಮೇಲೆ ಎರಗಿದ ಮೇಲೂ, ಹಿನ್ನೆಲೆ ಸಂಗೀತ ಇಲ್ಲ. ಮಳೆ, ತಂತಿ ಹರಿಯುವ ಸದ್ದು, ಮಕ್ಕಳ ಚೀರಾಟ, ಘರ್ಜನೆ ಇವಿಷ್ಟೇ. ಜಾನ್ ವಿಲಿಯಮ್ಸ್‌ರಂಥ ಸಂಗೀತಗಾರ ಕೈಯಲ್ಲಿದ್ದೂ ಸುಮ್ಮನಿರಿಸಿದ್ದು ನಿರ್ಧಾರ. ಹೀಗೆ ಬಿಡಿಸಿದಾಗ ‘ಸೂಪರ್’ ಅನ್ನುವ ಪದವೇ ಬೇಡವಾಗುತ್ತದೆ. ‘ಪ್ರಾಣಿಯನ್ನು ಐದು ಕಂತಿನಲ್ಲಿ, ಸಂಗೀತವಿಲ್ಲದೆ ತೋರಿಸಿದ್ದಾರೆ, ಹೆದರಿಕೆ ಅಲ್ಲಿಂದ ಬರುತ್ತದೆ’ ಅನ್ನಬಹುದು. 127 ನಿಮಿಷದ ಆ ಚಿತ್ರದಲ್ಲಿ ಡೈನೋಸಾರ್‌ಗಳು ತೆರೆಯ ಮೇಲಿರುವುದು ಒಟ್ಟು ಸುಮಾರು 15 ನಿಮಿಷ. ಮುಂದೆ ಬಂದ ಚಿತ್ರಗಳಲ್ಲಿ ಪ್ರಾಣಿಗಳು ಹೆಚ್ಚಾಗಿ ಹೆದರಿಕೆ ಕಡಿಮೆ ಆಯಿತು ಅಂತ ನಿಮಗೆ ಅನ್ನಿಸಿದ್ದರೆ ಈಗ ಕಾರಣ ಹೇಳಬಲ್ಲಿರಿ.

ಅದೇ ದೃಶ್ಯದಲ್ಲಿ ದೊಡ್ಡ ತಪ್ಪೂ ಇದೆ. ಪ್ರಾಣಿ ಸಮನೆಲದಿಂದ ನಡೆದು ಬೇಲಿ ದಾಟುತ್ತದೆ. ಕೆಲವೇ ನಿಮಿಷದಲ್ಲಿ ಅದೇ ಬೇಲಿಯ ಆಚೆ ಕಾರು ಬೀಳುವಷ್ಟು ಆಳದ ಕಂದಕ. ಇದನ್ನು ಹಿಡಿದು ‘ಲಾಜಿಕ್ ಇಲ್ಲ’ ಅಂತ ಒಂದು ಸ್ಟಾರ್ ಕಡಿಯಬೇಕೇ? ನೋಡುತ್ತಿದ್ದಾಗಲೇ ಅದು ನಿಮ್ಮನ್ನು ಕಥೆಯಿಂದ ಆಚೆ ಎಳೆದಿದ್ದರೆ ಕಡಿಯಿರಿ. ಮನೆಗೆ ಬಂದ ಮೇಲೆ ಯಾರೋ ಹೇಳಿ ಗೊತ್ತಾಗಿದ್ದರೆ ಅದು ರಸವತ್ತಾದ ಮಾಹಿತಿ ಮಾತ್ರ, ನಿಮ್ಮ ಅನುಭವದ ಕೊರತೆ ಅಲ್ಲ.

ಕಡ ತಂದ ಅಭಿಪ್ರಾಯಕ್ಕೆ ಇನ್ನೊಂದು ಉದಾಹರಣೆ ‘ಟೈಟಾನಿಕ್’ನ ಮರದ ಹಲಗೆ. ಹಡಗು ಮುಳುಗಿದ ಮೇಲೆ ನಾಯಕಿ ಅದರ ಮೇಲೆ ಮಲಗಿ ಉಳಿಯುತ್ತಾಳೆ, ನಾಯಕ ಜ್ಯಾಕ್ ನೀರಿನಲ್ಲೇ ಸಾಯುತ್ತಾನೆ. ‘ಇನ್ನೊಬ್ಬರಿಗೆ ಜಾಗ ಇತ್ತಲ್ಲ’ ಅಂತ ಸಿನಿಮಾ ನೋಡದವರೂ ಹೇಳುತ್ತಾರೆ. ದೃಶ್ಯ ಮತ್ತೆ ಹಾಕಿ ನೋಡಿ. ಜ್ಯಾಕ್ ಹತ್ತಲು ಪ್ರಯತ್ನಿಸುತ್ತಾನೆ, ಹಲಗೆ ವಾಲುತ್ತದೆ, ಆಗ ಬಿಟ್ಟುಬಿಡುತ್ತಾನೆ. ಅಲ್ಲಿರುವ ಪ್ರಶ್ನೆ ಜಾಗದ್ದಲ್ಲ, ತೇಲುವ ಶಕ್ತಿಯದು. ‘ಒಂದೇ ಪ್ರಯತ್ನಕ್ಕೆ ಬಿಟ್ಟನಲ್ಲ’ ಅನ್ನುವುದು ನ್ಯಾಯವಾದ ತಕರಾರು, ‘ಪ್ರಯತ್ನವೇ ಮಾಡಲಿಲ್ಲ’ ಅನ್ನುವುದು ಸುಳ್ಳು. ಎಲ್ಲರೂ ಹೇಳುವ ಟೀಕೆ ಬರೆಯುವ ಮುನ್ನ ಆ ದೃಶ್ಯವನ್ನು ಎರಡು ನಿಮಿಷ ನೋಡಿ ಖಾತ್ರಿ ಮಾಡಿಕೊಳ್ಳಿ.

ಅಂಕಿಗಳನ್ನು ಓದುವುದು

ವಿಮರ್ಶಕರ ಅಭಿಪ್ರಾಯ ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮೇಟೋಸ್‌ನ 90% ಅಂದರೆ 100ಕ್ಕೆ 90 ಅಂಕ ಅಲ್ಲ. 100 ವಿಮರ್ಶಕರಲ್ಲಿ 90 ಜನ ‘ಪರವಾಗಿಲ್ಲ’ದಿಂದ ಮೇಲಕ್ಕೆ ಹೇಳಿದ್ದಾರೆ ಅಂತ. ಎಲ್ಲರೂ ಐದಕ್ಕೆ ಮೂರು ಕೊಟ್ಟರೂ 100% ಬರಬಹುದು. 60% ಮತ್ತು ಮೇಲಿದ್ದರೆ ಕೆಂಪು ಟೊಮೇಟೊ, ಕೆಳಗಿದ್ದರೆ ಹಸಿರು ಕಲೆ. ಎಷ್ಟು ಇಷ್ಟವಾಯಿತು ಅನ್ನುವ ಸರಾಸರಿ ಬೇಕಿದ್ದರೆ ಮೆಟಾಕ್ರಿಟಿಕ್ ಜಾಲತಾಣ ನೋಡಿ. ನೋಡುಗರೇ ಅಂಕ ಕೊಡುವ ಜಾಲತಾಣ ಐಎಂಡಿಬಿಯಲ್ಲಿ ಮೊದಲ ವಾರದ ಅಂಕ ಅಭಿಮಾನಿಗಳದ್ದು, ಒಂದು ತಿಂಗಳು ಬಿಟ್ಟು ನೋಡಿ.

ಸಿನಿಮಾಸ್ಕೋರ್ ಬೇರೆ ಬಗೆಯದು. ಅಮೆರಿಕದ ಥಿಯೇಟರುಗಳಲ್ಲಿ ಮೊದಲ ರಾತ್ರಿ ನೋಡಿ ಹೊರಬರುವವರ ಕೈಗೆ ಕಾರ್ಡು ಕೊಟ್ಟು ಎ ಪ್ಲಸ್‌ನಿಂದ ಎಫ್ ತನಕ ದರ್ಜೆ ಕೇಳುತ್ತಾರೆ. ಅದು ಅಳೆಯುವುದು ಗುಣಕ್ಕಿಂತ ಹೆಚ್ಚಾಗಿ ‘ಟ್ರೇಲರ್ ನೋಡಿ ಬಂದದ್ದಕ್ಕೆ ಅದೇ ಸಿಕ್ಕಿತೇ’ ಅನ್ನುವುದನ್ನು. 2018ರ ‘ಹೆರೆಡಿಟರಿ’ಯನ್ನು ವಿಮರ್ಶಕರು ಹೊಗಳಿದರು, ಸಿನಿಮಾಸ್ಕೋರ್ ಮಾತ್ರ ಡಿ ಪ್ಲಸ್. ದೆವ್ವದ ಸಿನಿಮಾ ಅಂತ ಹೋದವರಿಗೆ ಸಾವಿನ ದುಃಖ ತುಂಬಿದ ನಿಧಾನದ ಕುಟುಂಬ ಕಥೆ ಸಿಕ್ಕಿತು. ನಿಮ್ಮ ಬೇಸರ ಈ ಜಾತಿಯದೇ ಅಂತ ಕೇಳಿಕೊಳ್ಳಿ. ಹೌದಾದರೆ ‘ಟ್ರೇಲರ್ ತೋರಿಸಿದ್ದು ಒಂದು, ಇದು ಇನ್ನೊಂದು’ ಅಂತ ಬರೆಯಿರಿ, ಅದರಿಂದ ಓದುವವರಿಗೆ ದಾರಿ ಸಿಗುತ್ತದೆ.

ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ ಥಿಯೇಟರಿನವರಿಗೆ ಸುಮಾರು ಅರ್ಧ ಹೋಗುತ್ತದೆ, ಪ್ರಚಾರದ ಖರ್ಚು ಬಜೆಟ್ಟಿನಲ್ಲಿ ಸೇರಿರುವುದಿಲ್ಲ. ಅದಕ್ಕೇ ಬಜೆಟ್ಟಿನ ಎರಡೂವರೆ ಪಟ್ಟು ಬಂದರೆ ಬಚಾವು ಅನ್ನುವ ಅಂದಾಜು ಚಾಲ್ತಿಯಲ್ಲಿದೆ. ಹಣಕ್ಕೂ ಸಿನಿಮಾದ ಗುಣಕ್ಕೂ ಸಂಬಂಧ ಹುಡುಕಬೇಡಿ. ‘ದ ಶಾಶಾಂಕ್ ರಿಡೆಂಪ್ಶನ್’ 1994ರಲ್ಲಿ ಥಿಯೇಟರಿನಲ್ಲಿ ಸೋತಿತು, 7 ಆಸ್ಕರ್ ನಾಮನಿರ್ದೇಶನ ಸಿಕ್ಕರೂ ಒಂದೂ ಬರಲಿಲ್ಲ. ಐಎಂಡಿಬಿಯ 250ರ ಪಟ್ಟಿಯಲ್ಲಿ ಅದು ವರ್ಷಗಟ್ಟಲೆ ಮೊದಲ ಜಾಗದಲ್ಲಿ ಕೂತಿದೆ.

ಬರೆಯುವುದು

ಹೊರಬಂದ ಅರ್ಧ ಗಂಟೆಯೊಳಗೆ, ಬೇರೆ ಯಾರ ವಿಮರ್ಶೆಯನ್ನೂ ಓದುವ ಮುನ್ನ, ಫೋನಿನಲ್ಲಿ ಐದು ಸಾಲು ಟಿಪ್ಪಣಿ ಮಾಡಿ: ಕಣ್ಣಲ್ಲಿ ಉಳಿದ ಒಂದು ಚಿತ್ರ, ಮನಸ್ಸು ಜಾರಿದ ಒಂದು ಜಾಗ, ಯಾರು ಗೆಲ್ಲಲಿ ಅಂತ ಅನ್ನಿಸಿತು, ಅರ್ಥವಾಗದ ಒಂದು ಸಂಗತಿ, ಎಲ್ಲಿ ಯಾವ ಭಾಷೆಯಲ್ಲಿ ನೋಡಿದ್ದು. ಮರುದಿನ ಬರೆಯಿರಿ. 200 ಪದ ಮೀರಬೇಕಿಲ್ಲ. ಕಥೆ ಮೂರು ವಾಕ್ಯ ಮೀರಬಾರದು, ಮೊದಲ ಅರ್ಧ ಗಂಟೆಯ ಆಚೆಯದನ್ನು ಹೇಳಬಾರದು. ಸಸ್ಪೆನ್ಸ್ ಬಿಟ್ಟುಕೊಟ್ಟರೆ ಓದುಗರು ಮತ್ತೆ ನಿಮ್ಮನ್ನು ನಂಬುವುದಿಲ್ಲ.

‘ಓವರ್‌ರೇಟೆಡ್’ ಅನ್ನುವ ಪದವನ್ನು ಕೈಬಿಡಿ. ಅದು ಸಿನಿಮಾದ ಬಗ್ಗೆ ಏನೂ ಹೇಳುವುದಿಲ್ಲ, ಬೇರೆಯವರ ಅಭಿಪ್ರಾಯದ ಮೇಲೆ ನಿಮಗಿರುವ ಸಿಟ್ಟನ್ನು ಹೇಳುತ್ತದೆ. ‘ವಿಷುವಲ್ಸ್ ಅದ್ಭುತ’ ಕೂಡ ಹಾಗೆಯೇ, ಯಾವ ದೃಶ್ಯ, ಏನು ಕಂಡಿತು ಅಂತ ಹೇಳಿದರೆ ಮಾತ್ರ ಅದಕ್ಕೆ ಬೆಲೆ.

2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಬಗ್ಗೆ ಸಾಮಾನ್ಯವಾಗಿ ಕೇಳುವ ಮಾತು: ‘ಕಥೆಯೇ ಇಲ್ಲ, ಬರೀ ಚೇಸಿಂಗ್. ಆದರೆ ಮೇಕಿಂಗ್ ಬೆಂಕಿ.’ ಇದೇ ಅನಿಸಿಕೆಯನ್ನು ಬಿಡಿಸಿ ಬರೆದರೆ ಹೀಗಾಗುತ್ತದೆ:

‘ಇಂಗ್ಲಿಷಿನಲ್ಲಿ, ಮನೆಯ ಟಿವಿಯಲ್ಲಿ, ಇಂಟರ್ವಲ್ ಇಲ್ಲದೆ ನೋಡಿದೆ. ಮರುಭೂಮಿಯಲ್ಲಿ ನೀರನ್ನು ಕೈಯಲ್ಲಿಟ್ಟುಕೊಂಡು ಆಳುವವನಿಂದ ಐದು ಹೆಣ್ಣುಮಕ್ಕಳನ್ನು ಫ್ಯೂರಿಯೋಸ ಲಾರಿಯಲ್ಲಿ ಪಾರುಮಾಡುತ್ತಾಳೆ. ಮ್ಯಾಕ್ಸ್ ಈ ಓಟದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಕಥೆಯನ್ನು ಒಂದು ಸಾಲಿನಲ್ಲಿ ಹೇಳಬಹುದು, ಆದರೆ ಯಾರಿಗೆ ಯಾರ ಮೇಲೆ ನಂಬಿಕೆ ಹುಟ್ಟಿತು ಅನ್ನುವುದನ್ನು ಮಾತಿಲ್ಲದೆ, ಒಬ್ಬರು ಇನ್ನೊಬ್ಬರ ಕೈಗೆ ಬಂದೂಕು ಕೊಡುವುದರಲ್ಲಿ ಹೇಳಿದ್ದಾರೆ. ಇಷ್ಟು ವೇಗದಲ್ಲೂ ಕಣ್ಣು ದಣಿಯಲಿಲ್ಲ: ಪ್ರತಿ ಶಾಟ್‌ನಲ್ಲೂ ನೋಡಬೇಕಾದದ್ದು ಪರದೆಯ ನಡುಮಧ್ಯ ಇರುತ್ತದೆ, ಶಾಟ್ ಬದಲಾದರೂ ಕಣ್ಣು ಅಲ್ಲಾಡಬೇಕಿಲ್ಲ. ಮ್ಯಾಕ್ಸ್‌ಗೆ ಹಳೆಯ ನೆನಪುಗಳು ಮಿಂಚುವ ಕಡೆ ಮಾತ್ರ ಮನಸ್ಸು ಜಾರಿತು. ಆ ಮಗು ಯಾರು ಅಂತ ಕೊನೆಗೂ ತಿಳಿಯಲಿಲ್ಲ. ಮಾತು ಹೆಚ್ಚಿರುವ ಸಿನಿಮಾ ಇಷ್ಟಪಡುವವರಿಗೆ ಹಿಡಿಸಲಿಕ್ಕಿಲ್ಲ. ನಾಲ್ಕೂವರೆ.’

ಇಲ್ಲಿ ಪರದೆಯ ನಡುಮಧ್ಯದ ಮಾತು ಊಹೆಯಲ್ಲ. ನಿರ್ದೇಶಕ ಜಾರ್ಜ್ ಮಿಲ್ಲರ್ ಹಾಗೆಯೇ ಚಿತ್ರೀಕರಿಸಿದರು, ನೂರಾರು ಗಂಟೆಯ ತುಣುಕುಗಳನ್ನು 120 ನಿಮಿಷಕ್ಕೆ ಇಳಿಸಿದ ಮಾರ್ಗರೆಟ್ ಸಿಕ್ಸೆಲ್ ಅವರಿಗೆ ಸಂಕಲನದ ಆಸ್ಕರ್ ಬಂತು. ಆ ಸಾಲನ್ನು ನೀವೇ ಪರೀಕ್ಷಿಸಬಹುದು. ಯಾವುದಾದರೂ ಹೊಡೆದಾಟದ ದೃಶ್ಯ ಹಾಕಿ, ಟಿವಿಯ ನಡುವೆ ಬೆರಳು ಹಿಡಿದು ನೋಡಿ. ಮುಖ, ಬಂದೂಕಿನ ನಳಿಕೆ, ಸ್ಟಿಯರಿಂಗ್, ಎಲ್ಲ ಬೆರಳಿನ ಹಿಂದೆಯೇ ಬಂದು ಹೋಗುತ್ತವೆ. ನೀವು ಬರೆದ ಕಾರಣವನ್ನು ಓದುಗರು ಹೀಗೆ ಮನೆಯಲ್ಲೇ ಪರೀಕ್ಷಿಸಿ ನೋಡುವಂತಿರಬೇಕು.

ಕೊನೆಗೆ ಸ್ಟಾರ್. ಎಲ್ಲದಕ್ಕೂ ಮೂರೂವರೆ ಕೊಡುವ ಚಾಳಿಗೆ ಒಂದೇ ಮದ್ದು: ಒಂದು, ಎರಡು, ಮೂರು, ನಾಲ್ಕು, ಐದು, ಪ್ರತಿಯೊಂದಕ್ಕೂ ನೀವು ಚೆನ್ನಾಗಿ ಬಲ್ಲ ಒಂದೊಂದು ಸಿನಿಮಾದ ಹೆಸರು ಬರೆದಿಟ್ಟುಕೊಳ್ಳಿ. ಹೊಸದನ್ನು ನೋಡಿದಾಗ ‘ಇದು ಆ ಮೂರಕ್ಕಿಂತ ಮೇಲೋ ಕೆಳಗೋ’ ಅಂತ ಕೇಳಿಕೊಳ್ಳಿ. ಹಿಂದೆ ಬೆಂಗಳೂರಿನಲ್ಲಿ ರೆಕ್ಸ್, ಪ್ಲಾಜಾ, ಗ್ಯಾಲಕ್ಸಿಯಲ್ಲಿ ಇಂಗ್ಲಿಷ್ ಪಿಕ್ಚರ್ ನೋಡಿ ಬೆಳೆದವರಿಗೆ ಈ ಐದು ಹೆಸರು ತಟ್ಟನೆ ಹೊಳೆಯುತ್ತವೆ, ಬೇರೆಯವರು ಒಂದು ಸಂಜೆ ಕೂತು ಮಾಡಿಕೊಳ್ಳಬೇಕು. ಹಾಸ್ಯಕ್ಕೂ ಹಾರರ್‌ಗೂ ಬೇರೆ ಬೇರೆ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು, ದೆವ್ವದ ಸಿನಿಮಾವನ್ನು ಪ್ರೇಮಕಥೆಯ ತಕ್ಕಡಿಯಲ್ಲಿ ತೂಗುವುದು ತಪ್ಪುತ್ತದೆ.

ವರ್ಷ ಬಿಟ್ಟು ಅದೇ ಸಿನಿಮಾ ಮತ್ತೆ ನೋಡಿದಾಗ ಅರ್ಧ ಸ್ಟಾರ್ ಏರಬಹುದು, ಒಂದೂವರೆ ಇಳಿಯಬಹುದು. ಹಳೆಯ ಸಾಲುಗಳನ್ನು ಅಳಿಸಬೇಡಿ. ಕೆಳಗೆ ಹೊಸ ದಿನಾಂಕ ಹಾಕಿ, ಈ ಸಲ ಯಾವ ಪ್ರತಿ, ಯಾವ ಪರದೆ ಅಂತ ಬರೆದು, ಬದಲಾದದ್ದು ಏನು ಅಂತ ಎರಡು ಸಾಲು ಸೇರಿಸಿ.